ಮೂರು ತಿಂಗಳು ತುಂಬುವ ತನಕ

ಕಳೆದ ತಿಂಗಳು ಬಬಲೇಶ್ವರದಿಂದ ತಿಕೋಟಾಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಊರು ಇನ್ನೂ ದೂರ ಇರುವಾಗಲೇ ಕಿಟಕಿಯಿಂದ ಆ ವಾಸನೆ ಒಳಗೆ ಬಂತು. ದ್ರಾಕ್ಷಿಯನ್ನು ಒಣಹಾಕುವ ಮೊದಲು ಗೊನೆಗಳನ್ನು ಎಣ್ಣೆ, ಪುಡಿ ಕದಡಿದ ನೀರಿನಲ್ಲಿ ಅದ್ದಿ ತೆಗೆಯುತ್ತಾರಲ್ಲ, ಆ ನೀರಿನ ವಾಸನೆ. ಮೊದಲು ಸೋಪಿನ ಹಾಗೆ ಮೂಗಿಗೆ ಬಡಿಯುತ್ತದೆ, ಆಮೇಲೆ ಹಣ್ಣಿನ ಹುಳಿಸಿಹಿ. ತಿಕೋಟಾದವರಿಗೆ ಇದು ಸುಗ್ಗಿಯ ವಾಸನೆ. ನನ್ನ ಕೈ ಮಾತ್ರ ತಾನಾಗಿಯೇ ಹೊಟ್ಟೆಯ ಮೇಲೆ ಹೋಯಿತು. ಐದು ವರ್ಷದ ಹಿಂದಿನ ಆ ಬೇಸಿಗೆ ಇದ್ದ ಹಾಗೆಯೇ ಎದ್ದು ಬಂತು.

ನಾನು ಅಂಜುಬುರುಕಿ ಅಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕಾಖಂಡಕಿಯ ಸರಕಾರಿ ಶಾಲೆಯಲ್ಲಿ ನನ್ನ ಚಪ್ಪಲಿ ಸದ್ದು ಕೇಳಿದರೆ ಐದನೇ ಇಯತ್ತೆಯ ಹುಡುಗರು ಗಪ್‌ಚಿಪ್ ಆಗುತ್ತಾರೆ. ಕಂಡಕ್ಟರ್ ಜೊತೆ ಜಗಳ ತೆಗೆದು ಬಸ್ಸು ನಿಲ್ಲಿಸಿದವಳು ನಾನು. ಆದರೆ ಆ ಮಾರ್ಚಿನಿಂದ ಮೇ ತನಕ ನಾನು ಹೆದರಿದಷ್ಟು ಯಾವ ವೈರಿಯೂ ಹೆದರುವುದು ಬೇಡ. ಬಚ್ಚಲಿಗೆ ಹೋಗಲು ಹೆದರುತ್ತಿದ್ದೆ. ಸೀನು ಬಂದರೆ ಹೆದರುತ್ತಿದ್ದೆ. ಏನೂ ಆಗದಿದ್ದರೆ, ಯಾಕೆ ಏನೂ ಆಗುತ್ತಿಲ್ಲ ಎಂದು ಹೆದರುತ್ತಿದ್ದೆ.

ಅದಕ್ಕೆ ಕಾರಣ ಅದಕ್ಕೂ ಎರಡು ವರ್ಷ ಹಿಂದಿನದು. ಆಗ ನಾನು ಮೊದಲ ಸಲ ಬಸುರಿ. ನಮ್ಮವರು ಶಾರ್ಜಾದಲ್ಲಿ ಎ.ಸಿ. ರಿಪೇರಿ ಕೆಲಸಕ್ಕಿದ್ದರು, ವರ್ಷಕ್ಕೊಮ್ಮೆ ಒಂದು ತಿಂಗಳು ಊರಿಗೆ ಬರುತ್ತಿದ್ದರು. ನಾನು ಬಬಲೇಶ್ವರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ದಿನಾ ಬಸ್ಸಿಗೆ ಕಾಖಂಡಕಿ ಶಾಲೆಗೆ ಹೋಗಿ ಬರುತ್ತಿದ್ದೆ. ವಿಷಯ ಗೊತ್ತಾದ ದಿನವೇ ಸ್ಟಾಫ್ ರೂಮಿನಲ್ಲಿ ಪೇಢೆ ಹಂಚಿದೆ. ನಮ್ಮ ಕಡೆ ಮೂರು ತಿಂಗಳು ತುಂಬುವ ತನಕ ಬಸುರಿನ ಮಾತು ಹೊಸ್ತಿಲು ದಾಟಬಾರದು ಎನ್ನುತ್ತಾರೆ. ನಾನು ಅದನ್ನೆಲ್ಲ ನಗುತ್ತಾ ತಳ್ಳಿಹಾಕಿದ್ದೆ. ಹತ್ತನೇ ವಾರ, ಒಂದು ಶುಕ್ರವಾರ, ಸಂಜೆಯ ಬಸ್ಸಿನಲ್ಲಿ ಕಿಬ್ಬೊಟ್ಟೆಯಲ್ಲಿ ನೋವು ಶುರುವಾಯಿತು. ಬಬಲೇಶ್ವರ ಮುಟ್ಟುವಷ್ಟರಲ್ಲಿ ಸೀಟು ಒದ್ದೆಯಾಗಿತ್ತು.

ವಿಜಯಪುರದ ಆಸ್ಪತ್ರೆಗೆ ಅತ್ತೆ ಓಡಿ ಬಂದರು. ಅವರ ಹೆಸರು ನೀಲವ್ವ. ಮಾವ ತೀರಿಕೊಂಡ ಮೇಲೆ ಎರಡು ಎಕರೆ ದ್ರಾಕ್ಷಿಯನ್ನೂ ಒಣಗಿಸುವ ಶೆಡ್ಡನ್ನೂ ಒಬ್ಬರೇ ನಡೆಸುವ ಹೆಣ್ಣುಮಗಳು. ಮಾತು ಕಡಿಮೆ, ಆಡಿದರೆ ಕಲ್ಲು ಒಗೆದಂತೆ. ನನ್ನ ಮಂಚದ ಕಾಲಿನ ಕಡೆ ಸೆರಗು ಹೊದ್ದು ಕುಳಿತು ಒಂದೇ ಮಾತು ಅಂದರು.

"ಆ ಹಾಳ ಬಸ್ಸು. ಆ ಬಸ್ಸ್ ಹತ್ತಬಾರದಿತ್ತು."

ಮುಗಿಯಿತು. ಮುಂದೆ ಎಂದೂ ಆ ವಿಷಯ ಎತ್ತಲಿಲ್ಲ. ಆದರೆ ಆ ಮಾತು ನನ್ನೊಳಗೆ ಮುಳ್ಳಿನ ಹಾಗೆ ಕುಳಿತುಬಿಟ್ಟಿತು. ಬಸ್ಸು ಹತ್ತಿದವಳು ಯಾರು? ನಾನು. ಅಂದರೆ ಕೂಸನ್ನು ಕಳೆದವಳು ನಾನು. ಅತ್ತೆ ಎದುರು ನಿಂತಾಗಲೆಲ್ಲ ಅವರ ಕಣ್ಣಿನಲ್ಲಿ ಆ ಮಾತೇ ಕಾಣಿಸುತ್ತಿತ್ತು. ನೌಕರಿ ಬಿಡಲಾಗದೆ ಅದೇ ಬಸ್ಸಿನಲ್ಲಿ ಎರಡು ವರ್ಷ ಓಡಾಡಿದೆ. ಗುಂಡಿ ಬಂದಾಗಲೆಲ್ಲ ಹಲ್ಲು ಕಚ್ಚುತ್ತಿದ್ದೆ.

ಆ ವರ್ಷ ನಮ್ಮವರು ಫೆಬ್ರವರಿಯಲ್ಲಿ ಬಂದು ಹೋದರು. ಮಾರ್ಚಿನ ಒಂದು ರವಿವಾರ ತಿಕೋಟಾದ ಶೆಡ್ಡಿನಲ್ಲಿ ಅತ್ತೆಗೆ ಕೈಜೋಡಿಸಲು ಹೋಗಿದ್ದೆ. ಹೆಣ್ಣಾಳುಗಳು ಕ್ರೇಟು ಕ್ರೇಟು ದ್ರಾಕ್ಷಿ ಅದ್ದಿ ತೆಗೆದು ಬಲೆಯ ಮೇಲೆ ಹರವುತ್ತಿದ್ದರು. ಪ್ರತಿ ವರ್ಷ ಮೂಸಿದ ವಾಸನೆಯೇ. ಅವತ್ತು ಮಾತ್ರ ಕರುಳು ಕಿತ್ತು ಬಾಯಿಗೆ ಬಂದಂತಾಗಿ ಶೆಡ್ಡಿನ ಹಿಂದೆ ಓಡಿದೆ.

"ಏನಾತ ಬೇ?" ಅತ್ತೆ ಅಲ್ಲಿಂದಲೇ ಕೂಗಿದರು.

"ಏನಿಲ್ರಿ ಅತ್ಯಾರ, ಬಿಸಲ ಬಡದೈತಿ."

"ಹೂಂ," ಅಂದರು ಅತ್ತೆ. ಒಂದು ತಂಬಿಗೆ ನೀರು ತಂದು ಅಲ್ಲೇ ಹಿಂದಿನ ಕಟ್ಟೆಯ ಮೇಲಿಟ್ಟು ಮತ್ತೆ ಕೆಲಸಕ್ಕೆ ಹೋದರು.

ಮರುದಿನ ಬಬಲೇಶ್ವರದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಪರೀಕ್ಷೆ ಮಾಡಿಕೊಂಡೆ. ಎರಡು ಗೆರೆ. ಸಂತೋಷ ಆಗಬೇಕಿತ್ತು. ಮೈಯೆಲ್ಲ ತಣ್ಣಗಾಯಿತು. ಅಲ್ಲೇ ನೆಲದ ಮೇಲೆ ಕುಳಿತು ಆಣೆ ಮಾಡಿದೆ: ಈ ಸಲ ಯಾರಿಗೂ ಹೇಳುವುದಿಲ್ಲ, ಮೂರು ತಿಂಗಳು ತುಂಬುವ ತನಕ ಗಂಡನಿಗೂ ಹೇಳುವುದಿಲ್ಲ. ಮೂಢನಂಬಿಕೆ ಬಿಡಬೇಕು ಅಂತ ಕರಿಹಲಗೆಯ ಮೇಲೆ ಬರೆದು ಪಾಠ ಮಾಡುವ ಟೀಚರ್ ನಾನೇ! ಅಂಜಿಕೆ ಹೊಕ್ಕರೆ ಓದಿದ ವಿದ್ಯೆಯೆಲ್ಲ ಹಿತ್ತಿಲ ಬಾಗಿಲಿನಿಂದ ಓಡಿಹೋಗುತ್ತದೆ, ನನಗೆ ಆಗ ಗೊತ್ತಾಯಿತು.

ಹತ್ತು ದಿನ ಕಳೆದಿರಲಿಲ್ಲ, ಶಾರ್ಜಾದಿಂದ ಫೋನು. ಏಣಿಯಿಂದ ಬಿದ್ದು ನಮ್ಮವರ ಕಾಲು ಮುರಿದಿತ್ತು. ಮೊಣಕಾಲಿನಿಂದ ಪಾದದ ತನಕ ಪ್ಲಾಸ್ಟರ್. ಸುದ್ದಿ ಹೇಳಿ, "ಸಾಲಿ ಸೂಟಿ ಬಿಟ್ಟ ಮ್ಯಾಲ ಬರ್ತೀಯೇನ? ಒಬ್ಬನ ಇರೂದು ಆಗವಲ್ದು ನೋಡು," ಅಂದರು. ಏಳು ವರ್ಷದ ಸಂಸಾರದಲ್ಲಿ ಆ ಮನುಷ್ಯ ನನ್ನಿಂದ ಒಂದು ಲೋಟ ನೀರು ಸಹ ಕೇಳಿ ಇಸಿದುಕೊಂಡವರಲ್ಲ. ನನ್ನ ಬಾಯಿಂದ "ಬರ್ತೀನಿ" ಎಂಬ ಮಾತು ಹೊರಟೇಬಿಟ್ಟಿತು. ವಾರದಲ್ಲಿ ವೀಸಾ, ಟಿಕೆಟ್ ಎಲ್ಲ ಬಂದವು.

ಆಗ ಶುರುವಾಯಿತು ನೋಡಿ. ಬಸ್ಸಿಗೇ ನಿಲ್ಲದ್ದು ವಿಮಾನಕ್ಕೆ ನಿಲ್ಲುತ್ತದೆಯೇ? ಹೇಳಿದರೆ ಅವರು ಬರಬೇಡ ಅನ್ನುತ್ತಾರೆ, ಒಬ್ಬರೇ ಗೋಡೆ ಹಿಡಿದು ಕುಂಟುತ್ತಾರೆ. ಹೇಳದೆ ಹೋಗಿ ಏನಾದರೂ ಆದರೆ, ಎರಡನೇ ಸಲವೂ ನಾನೇ ಹೊತ್ತು ಕಳೆದಂತೆ. ಅತ್ತ ದರಿ, ಇತ್ತ ಪುಲಿ. ಕೊನೆಗೆ ಯಾರಿಗೂ ತಿಳಿಯದ ಹಾಗೆ ವಿಜಯಪುರದ ಒಬ್ಬ ಲೇಡಿ ಡಾಕ್ಟರ್ ಹತ್ತಿರ ಹೋದೆ. ಪರಿಚಯದವರು ಕಂಡಾರೆಂದು ಮುಖಕ್ಕೆ ಓಢಣಿ ಸುತ್ತಿಕೊಂಡಿದ್ದೆ, ಕಳವು ಮಾಡಿದವಳ ಹಾಗೆ.

ಡಾಕ್ಟರ್ ಸ್ಕ್ಯಾನ್ ಮಾಡಿದರು. ಎಂಟು ವಾರ. ಪರದೆಯ ಮೇಲೆ ಒಂದು ಹುರಳಿಕಾಳಿನಷ್ಟು ಜಾಗ ಮಿಣಮಿಣ ಅನ್ನುತ್ತಿತ್ತು. "ಗರ್ಭಕೋಶದಾಗ ಸರಿ ಜಾಗಾದಾಗ ಕುಂತೈತಿ, ಎದಿ ಬಡಿತ ಛಲೋ ಐತಿ," ಅಂದರು. ನಾನು ಶಾರ್ಜಾದ ಮಾತು ತೆಗೆದೆ. ಹಿಂದಿನ ಸಲದ ಬಸ್ಸಿನ ಕಥೆಯನ್ನೂ ಹೇಳಿದೆ.

"ಬಸ್ಸಿನ್ಯಾಗ ಕುಂತ್ರ ಗರ್ಭ ಹೋಗತಿತ್ತು ಅಂದ್ರ ನಮ್ಮ ಜಿಲ್ಲಾದಾಗ ಒಂದ ಕೂಸೂ ಹುಟ್ಟತಿರಲಿಲ್ಲ. ನಮ್ಮ ರಸ್ತಾ ನೋಡೀರಿಲ್ಲ?" ಎಂದು ನಕ್ಕರು. "ಮೊದಲನೇ ತಿಂಗಳಗೋಳದಾಗ ಹೋಗೂದು ಬಾಳಷ್ಟು ಸಲ ಆ ಬೀಜಾನ ಸರಿ ಕೂಡಿರಂಗಿಲ್ಲ, ಅದಕ್ಕ ಹೋಗತೈತಿ. ನೀವು ಮಾಡಿದ್ದು ಏನೂ ಇಲ್ಲ."

"ಹಂಗಾದ್ರ ವಿಮಾನ ಹತ್ತಿದ್ರ ಏನೂ ಆಗಂಗಿಲ್ಲ ಅಂತ ಗ್ಯಾರಂಟಿ ಕೊಡ್ರಿ ಡಾಕ್ಟರ."

"ಮನ್ಯಾಗ ಕುಂತ್ರೂ ಗ್ಯಾರಂಟಿ ಕೊಡಾಕ ಬರಂಗಿಲ್ಲ ಟೀಚರ. ವಿಮಾನದಿಂದ ಕೆಡಂಗಿಲ್ಲ, ಅಷ್ಟ ಹೇಳಬಲ್ಲೆ."

ಆಮೇಲೆ ಅವರು ಹೇಳುತ್ತ ಹೋದರು, ನಾನು ಶಾಲೆಯ ಮಕ್ಕಳ ಹಾಗೆ ಬರೆದುಕೊಳ್ಳುತ್ತ ಹೋದೆ. ಓಡಾಡುವ ದಾರಿಯ ಪಕ್ಕದ ಸೀಟು ಕೇಳಿಕೊಳ್ಳಬೇಕು, ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಬೇಕು, ಇಲ್ಲದಿದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ನೀರು ಕುಡಿಯುತ್ತಲೇ ಇರಬೇಕು. ಬೆಲ್ಟು ಹೊಟ್ಟೆಯ ಮೇಲಲ್ಲ, ಹೊಟ್ಟೆಯ ಕೆಳಗೆ. ಫೋಲಿಕ್ ಆ್ಯಸಿಡ್ ಗುಳಿಗೆ ಮತ್ತು ಚೀಟಿ ಕೈಚೀಲದಲ್ಲೇ ಇರಬೇಕು, ದೊಡ್ಡ ಬ್ಯಾಗಿನಲ್ಲಲ್ಲ. ಭಾರ ಎತ್ತಬಾರದು. ತೆಗೆದುಕೊಂಡ ವಿಮೆಯಲ್ಲಿ ಬಸುರಿನ ಖರ್ಚು ಬರುತ್ತದೋ ಇಲ್ಲವೋ ಓದಿ ನೋಡಬೇಕು. ಅಲ್ಲಿ ಮನೆಗೆ ಹತ್ತಿರದ ಆಸ್ಪತ್ರೆ ಯಾವುದೆಂದು ಹೋಗುವ ಮೊದಲೇ ತಿಳಿದಿಟ್ಟಿರಬೇಕು. "ಕೆಂಪು ಕಂಡ್ರ, ಹೊಟ್ಟಿ ನೂತ್ರ, ಜ್ವರಾ ಬಂದ್ರ, ನಾಳಿ ನೋಡೋಣು ಅನಬ್ಯಾಡ್ರಿ. ಅವತ್ತ ಹೋಗ್ರಿ. ಮತ್ತ ನಿಮ್ಮ ಗಂಡಗ ಹೇಳ್ರಿ."

ಎಲ್ಲ ಮಾಡಿದೆ. ಕೊನೆಯದೊಂದನ್ನು ಬಿಟ್ಟು.

ಹೊರಡುವ ಹಿಂದಿನ ರವಿವಾರ ತಿಕೋಟಾಕ್ಕೆ ಹೋದೆ. ಮನೆಯೊಳಗೆ ತುಪ್ಪದ ವಾಸನೆ ತುಂಬಿತ್ತು. ಅತ್ತೆ ಮಗನ ಮುರಿದ ಎಲುಬಿಗೆಂದು ಅಂಟಿನ ಉಂಡಿ ಕಟ್ಟುತ್ತಿದ್ದರು. ತುಪ್ಪದಲ್ಲಿ ಅರಳಿಸಿದ ಅಂಟು, ಒಣಕೊಬ್ಬರಿ, ಉತ್ತತ್ತಿ, ಬೆಲ್ಲ, ಗಸಗಸೆ. ಜೊತೆಗೆ ನಮ್ಮದೇ ಶೆಡ್ಡಿನ ಒಣದ್ರಾಕ್ಷಿ. ಬಾಣಂತಿಗೂ, ಎಲುಬು ಮುರಿದವರಿಗೂ ನಮ್ಮಲ್ಲಿ ಇದಕ್ಕಿಂತ ದೊಡ್ಡ ಔಷಧಿಯಿಲ್ಲ. ಆದರೆ ಹೊಸ ಬಸುರಿ ಮುಟ್ಟಬಾರದು, ಅಂಟು ಉಷ್ಣ ಅನ್ನುತ್ತಾರೆ.

"ಹಿಡಿ, ಬೆಲ್ಲಾ ಸಾಕೇನ ನೋಡು." ಅತ್ತೆ ಒಂದು ತುಣುಕು ನನ್ನ ಕೈಗೆ ಕೊಡಲು ಬಂದರು.

"ಹಲ್ಲು ನೂಯಾಕತ್ತೈತ್ರಿ ಅತ್ಯಾರ."

ಅತ್ತೆ ನನ್ನ ಮುಖ ನೋಡಿದರು. ಆ ತುಣುಕನ್ನು ತಾವೇ ಬಾಯಿಗೆ ಹಾಕಿಕೊಂಡು, "ಸಾಕು," ಅಂದರು. ನನ್ನನ್ನು ಪಡಸಾಲೆಗೆ ಕಳಿಸಿ, ಅಡುಗೆಮನೆಯಲ್ಲಿ ಒಬ್ಬರೇ ಕುಳಿತು ಸ್ಟೀಲ್ ಡಬ್ಬಿ ತುಂಬಿ, ಮೇಲೆ ಬಟ್ಟೆ ಬಿಗಿದು ತಂದರು. "ಅಲ್ಲಿ ಹೋಗಿ ಮುಟ್ಟೂತನಕ ಬಿಚ್ಚಬ್ಯಾಡ," ಎಂದು ತಾಕೀತು ಮಾಡಿದರು. ಬಸ್ ಸ್ಟ್ಯಾಂಡಿನ ತನಕ ಬ್ಯಾಗು ನನ್ನ ಕೈಗೆ ಕೊಡಲಿಲ್ಲ, ತಲೆಯ ಮೇಲೆ ಹೊತ್ತು ಮುಂದೆ ಮುಂದೆ ನಡೆದರು. ಒಂದು ಮಾತಿಲ್ಲ. ಮಗನ ಕಾಲು ಮುರಿದ ಸಿಟ್ಟು ನನ್ನ ಮೇಲೆ ಇರಬೇಕು ಎಂದುಕೊಂಡೆ. ಬಸ್ಸು ಹೊರಟಾಗ ಅತ್ತೆ ನನ್ನನ್ನು ನೋಡಲಿಲ್ಲ, ಬಸ್ಸಿನ ಗಾಲಿಗಳನ್ನು ನೋಡುತ್ತ ನಿಂತಿದ್ದರು.

ನನ್ನ ಜೊತೆಗೆ ಬಾನು ಚಾಚಿ ಇದ್ದರು. ವಿಜಯಪುರದವರು, ಅವರ ಯಜಮಾನರು ಪ್ರತಿ ವರ್ಷ ನಮ್ಮ ಶೆಡ್ಡಿನ ಒಣದ್ರಾಕ್ಷಿ ಕೊಳ್ಳುವ ವ್ಯಾಪಾರಿ. ಮಗಳ ಬಾಣಂತನಕ್ಕೆ ಶಾರ್ಜಾಕ್ಕೆ ಹೊರಟಿದ್ದರು. ಇದು ಅವರ ಮೂರನೇ ಪ್ರಯಾಣ, ಹಾಗಾಗಿ ದಾರಿಯುದ್ದಕ್ಕೂ ಅವರೇ ಪೈಲಟ್. ಬಸ್ಸು ಬೇಡವೆಂದು ನಾನು ಹಟ ಹಿಡಿದದ್ದಕ್ಕೆ ಹೈದರಾಬಾದಿಗೆ ರೈಲಿನಲ್ಲಿ ಹೋದೆವು. ಗಾಲಿ ಹಳಿ ಬದಲಿಸಿ ಖಡಖಡ ಅಂದಾಗೆಲ್ಲ ನಾನು ಉಸಿರು ಹಿಡಿಯುತ್ತಿದ್ದೆ. ಮೂರು ಸಲ ಬಚ್ಚಲಿಗೆ ಹೋಗಿ ನೋಡಿಕೊಂಡು ಬಂದೆ. ಏನೂ ಇರಲಿಲ್ಲ.

"ಹೊಟ್ಟಿ ಕೆಟ್ಟೈತೇನ ಬೇಟಿ?" ಅಂದರು ಚಾಚಿ.

"ಹೂಂ ಚಾಚಿ," ಅಂದೆ. ಇನ್ನೇನು ಹೇಳಲಿ?

ವಿಮಾನ ನಿಲ್ದಾಣದಲ್ಲಿ ಬ್ಯಾಗು ತೂಕಕ್ಕೆ ಹಾಕುವ ಸಾಲಿನಲ್ಲಿ ನಿಂತಿದ್ದೆವು. ನನ್ನ ಬ್ಯಾಗು ಮಣಭಾರ. ಹೇಳಿದರೆ ಗುಟ್ಟು ಹೋಗುತ್ತದೆ, ಹೇಳದಿದ್ದರೆ ಎತ್ತಬೇಕು; ಕಾಲಿನಿಂದ ದೂಡುತ್ತ ದೂಡುತ್ತ ಹೋಗುತ್ತಿದ್ದೆ. ಚಾಚಿ ಬೇಸತ್ತು, "ಏನ್ ಕಲ್ಲ ತುಂಬೀಯೇನ ಇದರಾಗ?" ಅಂದರು.

"ಅತ್ತಿ ಅಂಟಿನ ಉಂಡಿ ಕಟ್ಟ್ಯಾರ್ರಿ."

ಚಾಚಿಯ ಮುಖದ ಬಣ್ಣವೇ ಬದಲಾಯಿತು. "ಗಸಗಸಿ ಹಾಕ್ಯಾರೇನ?"

"ಹಾಕದ ಇರ್ತಾರೇನ್ರಿ? ಗಸಗಸಿ ಇಲ್ಲದ ಅದೆಂಥಾ ಅಂಟಿನ ಉಂಡಿ?"

"ಯಾ ಅಲ್ಲಾ! ನಡಿ, ಸಾಲಿನಿಂದ ಹೊರಗ ನಡಿ!" ಎಂದು ನನ್ನ ರಟ್ಟೆ ಹಿಡಿದು ಎಳೆದರು. ಗಸಗಸೆ ನಮಗೆ ಪಾಯಸದ ಸಾಮಾನು, ಆ ದೇಶದಲ್ಲಿ ಅಫೀಮಿನ ಸಾಲಿನಲ್ಲಿ ಬರುತ್ತದೆ. ಗೊತ್ತಿಲ್ಲದೆ ಒಯ್ದವರೂ ಹಿಡಿದರೆ ಕಂಬಿ ಎಣಿಸಬೇಕು ಎಂದು ಒಂದೇ ಉಸಿರಿನಲ್ಲಿ ಹೇಳಿದರು. ಅಂಜಿದವರ ಮೇಲೆ ಕಪ್ಪೆ ಒಗೆದಂತೆ, ಮೊದಲೇ ಹೆದರಿ ಸತ್ತವಳಿಗೆ ಈಗ ಜೈಲು! ಕಣ್ಣ ಮುಂದೆ ನಾನು, ನನ್ನ ಹೊಟ್ಟೆ, ಅರಬರ ಪೊಲೀಸರು. ಅಲ್ಲೇ ಒಂದು ಮೂಲೆಯಲ್ಲಿ ನೆಲದ ಮೇಲೆ ಕುಳಿತು ಬ್ಯಾಗು ಬಿಚ್ಚಿದೆ. ಅತ್ತೆ ಬಿಗಿದ ಬಟ್ಟೆಯ ಗಂಟು ನನ್ನಿಂದ ಬಿಚ್ಚಲಾಗಲಿಲ್ಲ. ಚಾಚಿ ಹಲ್ಲಿನಿಂದ ಕಚ್ಚಿ ಬಿಚ್ಚಿದರು. ಒಂದೊಂದೇ ಉಂಡಿ ತೆಗೆದು ಕಸದ ಡಬ್ಬಿಗೆ ಹಾಕಿದೆ. ಅತ್ತೆಯ ಬೆರಳಿನ ಗುರುತು ಉಂಡಿಗಳ ಮೇಲೆ ಇನ್ನೂ ಇತ್ತು. ಅಳು ತಡೆಯಲಾಗಲಿಲ್ಲ.

ಉಂಡಿ ಮುಗಿದ ಮೇಲೆ ತಳದಲ್ಲಿ ಒಂದು ಹಾಳೆ ಹಾಸಿತ್ತು. ಅದರ ಕೆಳಗೆ ಒಂದು ಪ್ಲಾಸ್ಟಿಕ್ ಚೀಲದ ಗಂಟು. ಬಿಚ್ಚಿದರೆ ಚಿಗಳಿ. ಹುಣಸೆಹಣ್ಣು, ಬೆಲ್ಲ, ಜೀರಿಗೆ, ಉಪ್ಪು, ಖಾರ ಕುಟ್ಟಿ ಮಾಡಿದ ಚಿಗಳಿ. ಗೋಲಿಯಷ್ಟಷ್ಟು ದುಂಡಗೆ ಉರುಟಿ, ಒಂದಕ್ಕೊಂದು ಅಂಟದಂತೆ ಸಾಲಾಗಿ ಇಟ್ಟಿದ್ದರು.

ಚಾಚಿ ಚಿಗಳಿ ನೋಡಿದರು, ನನ್ನನ್ನು ನೋಡಿದರು, ಮತ್ತೆ ಚಿಗಳಿ ನೋಡಿದರು.

"ಕಾಲು ಮುರಿದ ಗಂಡಸಿಗೆ ಯಾರರ ಚಿಗಳಿ ಕಳಸ್ತಾರೇನ ಬೇಟಿ?"

ಚಿಗಳಿ ಬಸುರಿಯ ಬಯಕೆಯ ತಿನಿಸು. ಶೆಡ್ಡಿನ ಹಿಂದೆ ಇಟ್ಟ ತಂಬಿಗೆ ನೀರು, ತಾವೇ ತಿಂದ ಉಂಡಿಯ ತುಣುಕು, ತಲೆಯ ಮೇಲೆ ಹೊತ್ತ ಬ್ಯಾಗು, ಎಲ್ಲ ಒಮ್ಮೆಗೇ ನೆನಪಾದವು. ಚಾಚಿ ನನ್ನ ಬ್ಯಾಗನ್ನು ತಾವೇ ಎತ್ತಿ ಹೆಗಲಿಗೆ ಹಾಕಿಕೊಂಡು, "ದೂಡಾಕತ್ತಿದ್ಲು ನೋಡು, ಹುಚ್ಚಿ," ಎಂದು ಬೈಯುತ್ತ ನಡೆದರು.

ಅತ್ತೆಗೆ ಫೋನು ಮಾಡಿ ಗಸಗಸೆಯ ಕಥೆ ಹೇಳಿದೆ. "ಗಸಗಸಿಗೆ ಜೇಲ? ಅದೆಂಥಾ ದೇಶಾ ಬೇ ಅದು!" ಅಂದರು.

"ಅತ್ಯಾರ, ಡಬ್ಬಿ ತಳದಾಗ..."

"ಹಲೋ? ಹಲೋ? ಏನೂ ಕೇಳವಲ್ದು," ಎಂದು ಫೋನು ಇಟ್ಟುಬಿಟ್ಟರು.

ಅತ್ತೆಗೆ ಗೊತ್ತಿದೆ ಎಂದರೆ ಅಂಜಿಕೆ ಕಡಿಮೆಯಾಗಬೇಕಿತ್ತು. ಇಮ್ಮಡಿಯಾಯಿತು. ಈ ಸಲ ಏನಾದರೂ ಆದರೆ ಮುಚ್ಚಿಡಲೂ ಬಾರದು. ಗೊತ್ತಿದ್ದೂ ವಿಮಾನ ಹತ್ತಿದಳು ಅನ್ನುತ್ತಾರೆ. ವಿಮಾನ ಮೇಲೇರುವಾಗ ಬೆಲ್ಟನ್ನು ಹೊಟ್ಟೆಯ ಕೆಳಗೆ ಸರಿಸಿ, ಎರಡೂ ಕೈ ಮೇಲಿಟ್ಟು, ಹುರಳಿಕಾಳಿಗೆ "ಗಟ್ಟಿ ಹಿಡ್ಕೋ, ಗಟ್ಟಿ ಹಿಡ್ಕೋ" ಎಂದು ಹೇಳುತ್ತಿದ್ದೆ. ಮೋಡದಲ್ಲಿ ವಿಮಾನ ಒಮ್ಮೆ ಕುಲುಕಿದಾಗ ಚಾಚಿಯ ಕೈಯನ್ನು ಎಷ್ಟು ಜೋರಾಗಿ ಹಿಡಿದೆನೆಂದರೆ ಅವರ ಎರಡು ಬಳೆ ಒಡೆದವು. ಗಂಟೆಗೊಮ್ಮೆ ಅವರೇ ನನ್ನನ್ನು ತಿವಿದು ಎಬ್ಬಿಸಿ, "ಅಡ್ಡಾಡಿ ಬಾ," ಎಂದು ಕಳಿಸಿದರು. ಇಳಿದಾಗ ಏನೂ ಆಗಿರಲಿಲ್ಲ.

ಆದದ್ದು ಏಳನೇ ದಿನ.

ಶಾರ್ಜಾದಲ್ಲಿ ನಮ್ಮದು ಒಂದು ಕೋಣೆ. ಹೊರಗೆ ನಮ್ಮ ಊರಿನ ಬಿಸಿಲೇ ನಾಚಬೇಕು ಅಂಥ ಬಿಸಿಲು. ನಾನು ರೊಟ್ಟಿ ಬಡಿಯುತ್ತಿದ್ದೆ, ಅವರು ಊರುಗೋಲು ಹಿಡಿದು ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ನಡೆಯುವ ಅಭ್ಯಾಸ ಮಾಡುತ್ತಿದ್ದರು. ಹೇಳಬೇಕು ಹೇಳಬೇಕು ಅಂದುಕೊಳ್ಳುವುದು, ಅವರು ನಗುತ್ತಿರುವುದು ನೋಡಿ ನಾಳೆ ಎನ್ನುವುದು. ಏಳನೇ ದಿನ ಬೆಳಿಗ್ಗೆ ಬಚ್ಚಲಿನಲ್ಲಿ ಕೆಂಪು ಕಂಡಿತು. ಒಂದು ಕಲೆ, ಐದು ರೂಪಾಯಿ ನಾಣ್ಯದಷ್ಟು.

ಎಷ್ಟು ಹೊತ್ತು ಗೋಡೆ ಹಿಡಿದು ನಿಂತಿದ್ದೆನೋ ತಿಳಿಯದು. ಬಸ್ಸಿನ ಸೀಟು, ಅದರ ರೆಕ್ಸಿನ್ ಹರಿದ ಜಾಗ, ಎಲ್ಲ ಕಣ್ಣ ಮುಂದೆ. ಹೋಯಿತು, ಇದೂ ಹೋಯಿತು ಎಂದುಕೊಂಡೆ. ಹೊರಗಿನಿಂದ ಅವರು ಬಾಗಿಲು ಬಡಿದರು.

"ಸುರೇಖಾ? ಯಾಕ ಬೇ?"

ಬಾಗಿಲು ತೆರೆದು ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ. ಅವರ ಮುಖ ಬಿಳುಪೇರಿತು. ಮೊದಲು ಬಂದದ್ದು ಸಿಟ್ಟು. "ನಾ ಯಾರು ನಿನಗ? ನನಗ ಹೇಳಬಾರದೇನ? ಮನ್ನಿ ಆ ನೀರಿನ ಕ್ಯಾನ ಎತ್ತಿದೆಲ್ಲ, ನಾ ನೋಡಕೋತ ಕುಂತಿದ್ನೆಲ್ಲ!" ಎಂದು ಕೂಗಿದರು. ಕೂಗುತ್ತಲೇ ಅಂಗಿ ಹಾಕಿಕೊಂಡರು, ಗುಂಡಿ ಮೇಲೆ ಕೆಳಗೆ. ಊರುಗೋಲು ಒಂದು ಕೈಯಲ್ಲಿ, ನಾನು ಒಂದು ಕೈಯಲ್ಲಿ. ಆಸ್ಪತ್ರೆ ಯಾವುದೆಂದು ನಾನು ಊರಲ್ಲೇ ಬರೆದು ತಂದಿದ್ದೆ, ಅದೊಂದು ನೆನಪಿತ್ತು. ಟ್ಯಾಕ್ಸಿಯಲ್ಲಿ ಅವರು ನನ್ನ ಕೈ ಬಿಡಲಿಲ್ಲ.

ಆಸ್ಪತ್ರೆಯಲ್ಲಿದ್ದ ಡಾಕ್ಟರ್ ಕೇರಳದ ಹೆಣ್ಣುಮಗಳು. ವಿಜಯಪುರದ ಫೈಲು ತಿರುವಿ ನೋಡಿ, ಹಿಂದಿಯಲ್ಲಿ ನಾಲ್ಕು ಪ್ರಶ್ನೆ ಕೇಳಿ, ಮಲಗಿಸಿದರು. ನಾನು ಪರದೆ ನೋಡಲಿಲ್ಲ. ಕಣ್ಣು ಬಿಗಿದು ಮುಚ್ಚಿ, ಮೇಲಿನ ಎ.ಸಿ.ಯ ಸದ್ದು ಕೇಳುತ್ತಿದ್ದೆ. ಡಾಕ್ಟರ್ ಮಾತಾಡುತ್ತಿಲ್ಲ. ಹಿಂದಿನ ಸಲವೂ ಡಾಕ್ಟರ್ ಹೀಗೆಯೇ ಮಾತಾಡಿರಲಿಲ್ಲ. ನಮ್ಮವರ ಊರುಗೋಲು ನೆಲಕ್ಕೆ ಬಿದ್ದ ಸದ್ದಾಯಿತು.

ಆಗ ಆ ಸದ್ದು ಬಂತು. ಟಪಟಪ ಟಪಟಪ, ಬಹಳ ಅವಸರದಲ್ಲಿ. "ಸುನಿಯೇ," ಎಂದು ಕೂಸಿನ ಎದೆಬಡಿತ ಕೇಳಿಸಿದರು ಡಾಕ್ಟರ್.

ಕಣ್ಣು ತೆರೆದು ಮೊದಲು ನೋಡಿದ್ದು ಪರದೆಯನ್ನಲ್ಲ, ನಮ್ಮವರನ್ನು. ಆ ಮನುಷ್ಯ ಒಂದೇ ಕಾಲಿನ ಮೇಲೆ ನಿಂತು, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದರು.

ಮೊದಲ ತಿಂಗಳುಗಳಲ್ಲಿ ಇಷ್ಟು ಕೆಂಪು ಎಷ್ಟೋ ಜನರಿಗೆ ಕಾಣಿಸುತ್ತದೆ, ವಿಮಾನಕ್ಕೂ ಇದಕ್ಕೂ ಸಂಬಂಧವಿಲ್ಲ, ಆದರೂ ಬಂದದ್ದು ಒಳ್ಳೆಯದಾಯಿತು ಎಂದರು ಡಾಕ್ಟರ್. ಕೆಲವು ದಿನ ಭಾರದ ಕೆಲಸ ಬೇಡ ಎಂದರು. ಅಲ್ಲಿಂದ ಎರಡು ವಾರ ಆ ಕೋಣೆಯಲ್ಲಿ ಇಬ್ಬರು ರೋಗಿಗಳು. ಒಬ್ಬರು ಕಾಲು ಎತ್ತಿಟ್ಟು, ಒಬ್ಬರು ಹೊಟ್ಟೆ ಹಿಡಿದು. ಬಾನು ಚಾಚಿ ಮಗಳ ಮನೆಯಿಂದ ಊಟ ಕಳಿಸುತ್ತಿದ್ದರು. ದಿನಕ್ಕೊಂದು ಚಿಗಳಿ ಬಾಯಿಗೆ ಹಾಕಿಕೊಂಡು, ಬಚ್ಚಲಿಗೆ ಹೋಗುವಾಗಲೆಲ್ಲ ಎದೆ ಹಿಡಿದುಕೊಂಡು, ದಿನ ಎಣಿಸಿದೆ. ಮತ್ತೆ ಕೆಂಪು ಕಾಣಲಿಲ್ಲ. ಕಾಣಲಿಲ್ಲವೆಂದು ಅಂಜಿಕೆಯೇನೂ ಹೋಗಲಿಲ್ಲ.

ಮೇ ತಿಂಗಳ ಒಂದು ಬೆಳಿಗ್ಗೆ ಮೂರು ತಿಂಗಳು ತುಂಬಿದವು. ಅತ್ತೆಗೆ ಫೋನು ಮಾಡಿದೆ.

"ಅತ್ಯಾರ, ಮೂರು ತಿಂಗಳ ತುಂಬಿದೂರಿ."

"ಏನಕ್ಕ?"

"ನಾ ಬಸುರಿ ಅದೀನ್ರಿ."

"ಅಯ್ಯ ನನ ಶಿವನ! ಹೌದಾ? ನನಗೇನ ಗೊತ್ತ ಇಲ್ಲ ನೋಡು!" ಅತ್ತೆ ಇಡೀ ಓಣಿಗೆ ಕೇಳುವ ಹಾಗೆ ಕೂಗಿದರು. ನಾಟಕದ ಕಂಪನಿಯವರು ಕಂಡಿದ್ದರೆ ಅವತ್ತೇ ಹೊರಗೆ ಹಾಕುತ್ತಿದ್ದರು, ಅಂಥ ಅಭಿನಯ. ನನಗೆ ನಗುವೂ ಬಂತು, ಅಳುವೂ ಬಂತು. ಎರಡು ವರ್ಷ ಗಂಟಲಲ್ಲಿ ಇಟ್ಟುಕೊಂಡದ್ದು ಅದರ ಜೊತೆಗೇ ಹೊರಗೆ ಬಂದಿತು.

"ಬಸ್ಸ್ ಹತ್ತಬಾರದಿತ್ತು ಅಂದಿದ್ರಿ. ಈ ಸಲ ವಿಮಾನಾನ ಹತ್ತೇನ್ರಿ. ಏನರ ಆಗಿದ್ರ ನನ್ನ ಮಾರಿ ನೋಡತಿರಲಿಲ್ಲ ನೀವು."

ಆ ಕಡೆ ಸದ್ದಿಲ್ಲ. ನಿಜವಾಗಿ ಲೈನು ಹೋಯಿತೇನೋ ಎಂದುಕೊಂಡೆ. ಆಮೇಲೆ ಅತ್ತೆ ಮಾತಾಡಿದರು, ಸಣ್ಣ ದನಿಯಲ್ಲಿ.

"ನಿನ್ನ ಗಂಡ ಹುಟ್ಟೂಕಿಂತ ಮೊದಲ ನನ್ನೂ ಎರಡು ಹೋಗ್ಯಾವ ಬೇ. ನಾ ಯಾ ಬಸ್ಸೂ ಹತ್ತಿರಲಿಲ್ಲ. ಹೊಸ್ತಲಾ ದಾಟಿರಲಿಲ್ಲ. ಕುಂತಲ್ಲೆ ಹೋದ್ವು."

ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದೆ.

"ನಮ್ಮತ್ತಿ ಮಂದಿ ಮುಂದ ಅಂದ್ಲು, ಇಕಿ ಹೊಟ್ಟ್ಯಾಗ ದೋಷ ಐತಿ ಅಂತ. ನಲವತ್ತು ವರ್ಷ ಆತು, ಇನ್ನೂ ಕಿವ್ಯಾಗ ಐತಿ. ದವಾಖಾನ್ಯಾಗ ನಿನ್ನ ನೋಡಿದ ಕೂಡಲೆ ಅನ್ನಿಸ್ತು, ಮಂದಿ ಈಕಿಗೂ ಏನರ ಅಂತಾರ. ಅವರ ಅನ್ನೂಕಿಂತ ಮೊದಲ ನಾನ ಬಸ್ಸಿಗೆ ಬೈದೆ. ಬಸ್ಸಿಗೆ ಬೈದ್ರ ಯಾರಿಗೇನ ನೋವಾಗತೈತಿ ಅಂದ್ಕೊಂಡೆ."

ಅವತ್ತು ಶಾರ್ಜಾದ ಆ ಕೋಣೆಯಲ್ಲಿ ನಾನು ಅತ್ತಷ್ಟು ಕೂಸು ಹೋದಾಗಲೂ ಅತ್ತಿರಲಿಲ್ಲ. ಅತ್ತೆ ಆ ಕಡೆಯಿಂದ "ಅಳಬ್ಯಾಡ, ಅಳಬ್ಯಾಡ, ಬಸರಿ ಹೆಂಗಸು," ಎಂದು ಗದರುತ್ತಲೇ ಇದ್ದರು.

ಕಳೆದ ತಿಂಗಳ ಆ ಬಸ್ಸಿನಲ್ಲಿ ಅತ್ತೆ ನನ್ನ ಪಕ್ಕದಲ್ಲೇ ಇದ್ದರು. ನಮ್ಮಿಬ್ಬರ ತೊಡೆಯ ಮೇಲೆ ಉದ್ದಕ್ಕೆ ಮಲಗಿದ್ದ ನನ್ನ ಮಗಳು ದ್ರಾಕ್ಷಿ ವಾಸನೆಗೆ ಮೂಗು ಮುಚ್ಚಿಕೊಂಡು, "ಆಯಿ, ಹೊಲಸ ವಾಸನಿ," ಎಂದು ಅಜ್ಜಿಗೆ ದೂರು ಕೊಟ್ಟಳು. ಅಷ್ಟರಲ್ಲಿ ಗಾಲಿ ಒಂದು ಗುಂಡಿಗೆ ಇಳಿಯಿತು. ನಾನು ಎಂದಿನಂತೆ ಹಲ್ಲು ಕಚ್ಚಿದೆ. ಅತ್ತೆ ಒಂದು ಕೈಯಿಂದ ಮೊಮ್ಮಗಳನ್ನು ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಮುಂದಿನ ಸೀಟಿಗೆ ಫಟ್ಟೆಂದು ಹೊಡೆದರು.

"ಇದರ ಮನಿ ಹಾಳಾಗ್ಲಿ! ಸುಡುಗಾಡ ಬಸ್ಸು!"

ಕಂಡಕ್ಟರ್ ತಿರುಗಿ ನೋಡಿದ. ನಾನೂ ಮುಂದಿನ ಸೀಟಿಗೆ ಒಂದು ಹೊಡೆದೆ.

"ಹೌದ್ರಿ ಅತ್ಯಾರ, ಎಲ್ಲಾ ತಪ್ಪು ಈ ಬಸ್ಸಿಂದ."